ಬೇರೆಯವರ ಹಣದಲ್ಲಿ ಧಣಿಯಾಗುವ ಕಸುಬು

ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ‘ಪ್ರೈವೇಟ್ ಈಕ್ವಿಟಿ’ ಎಂಬ ಮಾತು ಈಗ ಪದೇ ಪದೇ ಬರುತ್ತದೆ. ಇಂಥ ಸಂಸ್ಥೆ ಇಂಥ ಕಾರ್ಖಾನೆಯನ್ನು ಕೊಂಡಿತು, ಇಂಥ ಆಸ್ಪತ್ರೆಯ ಪಾಲನ್ನು ಮಾರಿತು ಎಂದು ಓದುತ್ತೇವೆ. ನಮಗೇನು ಎಂದು ಪುಟ ತಿರುವುತ್ತೇವೆ. ಆದರೆ ಹಾಗೆ ಮಾರಾಟವಾಗುವ ಕಾರ್ಖಾನೆಯಲ್ಲಿ ದುಡಿಯುವವರೂ, ಅದರ ಕಚೇರಿಯಲ್ಲಿ ಲೆಕ್ಕ ಬರೆಯುವವರೂ ನಮ್ಮಂಥವರೇ. ಆದುದರಿಂದ ಈ ಕಸುಬಿನ ಒಳಗುಟ್ಟನ್ನು ಅದರಲ್ಲಿ ಹೆಸರಾದ ಒಬ್ಬನ ಜೀವನದ ಮೂಲಕ ತಿಳಿದುಕೊಳ್ಳೋಣ.

ಆತನ ಹೆಸರು ಸ್ಟೀಫನ್ ಶ್ವಾರ್ಟ್ಸ್‌ಮನ್. ಹುಟ್ಟಿದ್ದು 1947ರಲ್ಲಿ, ಅಮೆರಿಕದ ಫಿಲಡೆಲ್ಫಿಯದಲ್ಲಿ. ತಂದೆಗೆ ಪರದೆ, ಹಾಸಿಗೆ ಬಟ್ಟೆಗಳ ಅಂಗಡಿಯಿತ್ತು. ಅಂಗಡಿಯನ್ನು ಊರೂರಿಗೆ ಹಬ್ಬಿಸೋಣವೆಂದು ಹುಡುಗ ಹೇಳಿದರೂ ತಂದೆ ಇದ್ದುದರಲ್ಲೇ ತೃಪ್ತರಾಗಿದ್ದರು. ಮಗ ಯೇಲ್ ವಿಶ್ವವಿದ್ಯಾಲಯದಲ್ಲೂ, ಅನಂತರ ಹಾರ್ವರ್ಡಿನಲ್ಲೂ ಓದಿ, ನ್ಯೂಯಾರ್ಕಿನ ಲೀಮನ್ ಬ್ರದರ್ಸ್ ಎಂಬ ಇನ್‌ವೆಸ್ಟ್‌ಮೆಂಟ್ ಬ್ಯಾಂಕನ್ನು ಸೇರಿದ. 1978ರಲ್ಲಿ, 31ನೆಯ ವಯಸ್ಸಿಗೆ, ಅಲ್ಲಿ ಮ್ಯಾನೇಜಿಂಗ್ ಡೈರೆಕ್ಟರ್ ಆದ.

ಇನ್‌ವೆಸ್ಟ್‌ಮೆಂಟ್ ಬ್ಯಾಂಕೆಂದರೆ ನಾವು ಸಂಬಳ ಜಮಾ ಮಾಡುವ ಬ್ಯಾಂಕಿನಂಥದಲ್ಲ. ಕಂಪನಿಗಳಿಗೆ ಬಂಡವಾಳ ಕೂಡಿಸಿಕೊಡುವುದು, ಒಂದು ಕಂಪನಿಯನ್ನು ಇನ್ನೊಂದು ಕೊಳ್ಳುವಾಗ ಬೆಲೆ ಕಟ್ಟಿ ವ್ಯಾಪಾರ ಕುದುರಿಸುವುದು ಅದರ ಕೆಲಸ. ನಮ್ಮ ಮಂಡಿಗಳ ದಲ್ಲಾಳಿಯನ್ನು ನೆನೆದರೆ ಸಾಕು. ಮಾಲು ಅವನದಲ್ಲ, ಹಣವೂ ಅವನದಲ್ಲ. ವ್ಯಾಪಾರ ಕುದುರಿದರೆ ದಲಾಲಿ ಮಾತ್ರ ಅವನದು. ಇಂಥ ದಲ್ಲಾಳಿಗೆ ಒಂದು ದಿನ, ಇನ್ನೊಬ್ಬರಿಗೆ ಕೊಡಿಸುವ ಬದಲು ನಾವೇ ಏಕೆ ಕೊಳ್ಳಬಾರದು ಎಂಬ ಯೋಚನೆ ಬಂದರೆ ಆಶ್ಚರ್ಯವಿಲ್ಲ.

1984ರಲ್ಲಿ ಲೀಮನ್ ಸಂಸ್ಥೆಯೇ ಮಾರಾಟವಾಯಿತು. ಮರುವರ್ಷ ಶ್ವಾರ್ಟ್ಸ್‌ಮನ್ ತನ್ನ ಹಿಂದಿನ ಮುಖ್ಯಸ್ಥ ಪೀಟರ್ ಪೀಟರ್‌ಸನ್ ಅವರೊಡನೆ ಹೊಸ ಸಂಸ್ಥೆ ಕಟ್ಟಿದ. ಪೀಟರ್‌ಸನ್ ಗ್ರೀಸಿನಿಂದ ಅಮೆರಿಕಕ್ಕೆ ವಲಸೆ ಬಂದು ಹೋಟೆಲು ನಡೆಸಿದವರ ಮಗ. ದೇಶದ ವಾಣಿಜ್ಯ ಸಚಿವರಾಗಿದ್ದವರು. ಜರ್ಮನ್ ಭಾಷೆಯಲ್ಲಿ ‘ಶ್ವಾರ್ಟ್ಸ್’ ಎಂದರೆ ಕಪ್ಪು, ಗ್ರೀಕಿನಲ್ಲಿ ‘ಪೆಟ್ರೊಸ್’ ಎಂದರೆ ಕಲ್ಲು. ಇಬ್ಬರ ಹೆಸರೂ ಸೇರಿ ‘ಬ್ಲ್ಯಾಕ್‌ಸ್ಟೋನ್’ ಆಯಿತು. ಮೂಲಧನ 4 ಲಕ್ಷ ಡಾಲರು. ಪರಿಚಿತರಿಗೆಲ್ಲ ನೂರಾರು ಪತ್ರ ಬರೆದರೂ ಮೊದಮೊದಲು ಉತ್ತರಿಸಿದವರು ಕಡಿಮೆ. ಕಡೆಗೆ 1987ರಲ್ಲಿ 80 ಕೋಟಿ ಡಾಲರಿಗೂ ಹೆಚ್ಚಿನ ಮೊದಲ ನಿಧಿ ಕೂಡಿತು. ಅದು ಕೂಡಿದ ಸ್ವಲ್ಪ ಕಾಲದಲ್ಲೇ, ಅಕ್ಟೋಬರ್ 19ರಂದು ಅಮೆರಿಕದ ಷೇರುಪೇಟೆ ಕುಸಿದುಬಿತ್ತು.

ಈಗ ಕಸುಬಿನ ಲೆಕ್ಕ ನೋಡೋಣ. ಒಂದು ಗಿರಣಿಯ ಬೆಲೆ 100 ರೂಪಾಯಿ ಎನ್ನೋಣ. ನಿಧಿಯಿಂದ 30 ಹಾಕಿ, 70 ಸಾಲ ತರುತ್ತಾರೆ. ಈ ಸಾಲ ಸಾಮಾನ್ಯವಾಗಿ ಗಿರಣಿಯ ತಲೆಯ ಮೇಲೆಯೇ ಕೂರುತ್ತದೆ. ಬಡ್ಡಿಯನ್ನು ಗಿರಣಿಯ ದುಡಿಮೆಯೇ ತೆರಬೇಕು. ಕೆಲವು ವರ್ಷಗಳ ಮೇಲೆ 150ಕ್ಕೆ ಮಾರಿದರೆ, ಸಾಲ ತೀರಿಸಿ 80 ಉಳಿಯುತ್ತದೆ. ಬೆಲೆ ಏರಿದ್ದು ಒಂದೂವರೆ ಪಟ್ಟು, ಹಾಕಿದ 30 ಮಾತ್ರ ಎರಡೂವರೆ ಪಟ್ಟಿಗೂ ಹೆಚ್ಚಾಯಿತು. ಅದೇ ಬೆಲೆ 70ಕ್ಕೆ ಇಳಿದರೆ ಹಾಕಿದ್ದೆಲ್ಲ ಹೋಯಿತು. ಸಾಲವು ಲಾಭವನ್ನು ಹಿಗ್ಗಿಸುವಂತೆ ನಷ್ಟವನ್ನೂ ಹಿಗ್ಗಿಸುತ್ತದೆ. ನಿಧಿ ನಡೆಸುವವರಿಗೆ ವಾಡಿಕೆಯ ಪ್ರತಿಫಲವೆಂದರೆ ವರ್ಷಕ್ಕೆ ನೂರಕ್ಕೆ ಎರಡರಷ್ಟು ಶುಲ್ಕ, ಲಾಭದಲ್ಲಿ ನೂರಕ್ಕೆ ಇಪ್ಪತ್ತು.

ಎರಡು ಬಗೆಯ ಫಲವನ್ನೂ ಶ್ವಾರ್ಟ್ಸ್‌ಮನ್ ಕಂಡ. 1989ರಲ್ಲಿ ಕೊಂಡ ಎಡ್ಜ್‌ಕೊಂಬ್ ಎಂಬ ಉಕ್ಕಿನ ವ್ಯಾಪಾರದ ಕಂಪನಿ ಮುಳುಗಿತು. ಅಂದಿನಿಂದ ಯಾವ ಖರೀದಿಯನ್ನೂ ಒಬ್ಬನ ಮಾತಿನ ಮೇಲೆ ಮಾಡದೆ, ಪಾಲುದಾರರೆಲ್ಲ ಕುಳಿತು ತಪ್ಪು ಹುಡುಕಿದ ಮೇಲೆಯೇ ತೀರ್ಮಾನಿಸುವ ಪದ್ಧತಿ ತಂದ. 2007ರಲ್ಲಿ ಹಿಲ್ಟನ್ ಹೋಟೆಲುಗಳನ್ನು ಸುಮಾರು 2,600 ಕೋಟಿ ಡಾಲರಿಗೆ, ಬಹುಪಾಲು ಸಾಲದಲ್ಲಿ, ಕೊಂಡರು. ಮರುವರ್ಷವೇ ಲೋಕದ ಹಣಕಾಸು ಕುಸಿಯಿತು. 2010ರಲ್ಲಿ ಸಾಲಗಾರರೊಡನೆ ಮಾತಾಡಿ, ಮತ್ತಷ್ಟು ಹಣ ಹಾಕಿ ಕಾದರು. 2018ರಲ್ಲಿ ಕೊನೆಯ ಪಾಲು ಮಾರಿದಾಗ ಒಟ್ಟು ಲಾಭ ಸುಮಾರು 1,400 ಕೋಟಿ ಡಾಲರು. 2023ರಲ್ಲಿ ಬ್ಲ್ಯಾಕ್‌ಸ್ಟೋನಿನ ಕೈಯಲ್ಲಿದ್ದ ನಿಧಿಗಳು 1 ಲಕ್ಷ ಕೋಟಿ ಡಾಲರು ಮುಟ್ಟಿದವು.

ಈ ಕಲ್ಲು ನಮ್ಮ ನಾಡಿಗೂ ಉರುಳಿ ಬಂದಿದೆ. ಬೆಂಗಳೂರಿನ ಸಿದ್ಧ ಉಡುಪಿನ ಗೋಕಲದಾಸ್ ಎಕ್ಸ್‌ಪೋರ್ಟ್ಸ್ ಕಂಪನಿಯ ಹೆಚ್ಚಿನ ಪಾಲನ್ನು 2007ರಲ್ಲಿ ಕೊಂಡು, 2017ರಲ್ಲಿ ಕೊಂಡದ್ದಕ್ಕಿಂತ ಬಹಳ ಕಡಿಮೆ ಬೆಲೆಗೆ ಬಿಟ್ಟುಕೊಟ್ಟರು. 2016ರಲ್ಲಿ ಬೆಂಗಳೂರಿನದೇ ಆದ ಎಂಫಸಿಸ್ ಕಂಪನಿಯ ಒಡೆತನ ಪಡೆದರು.

ಹಾಗಾದರೆ ಆ ನಿಧಿಗಳಲ್ಲಿರುವ ಹಣ ಯಾರದು? ಇಲ್ಲಿಯೇ ವಿಚಾರ ಮಾಡತಕ್ಕ ಸಂಗತಿಯಿದೆ. ಅದರಲ್ಲಿ ದೊಡ್ಡ ಭಾಗ ಶ್ರೀಮಂತರದಲ್ಲ. ಅಮೆರಿಕದ ಶಾಲಾ ಮಾಸ್ತರರ, ಸರ್ಕಾರಿ ನೌಕರರ ಪಿಂಚಣಿಯ ಹಣ. ಒಬ್ಬ ನೌಕರನ ಮುಪ್ಪಿನ ಉಳಿತಾಯ ಇನ್ನೊಬ್ಬ ನೌಕರನ ಕಾರ್ಖಾನೆಯನ್ನು ಕೊಳ್ಳುತ್ತದೆ. ಅಲ್ಲಿ ಬಡ್ಡಿ ತೆರಲು ಆಳು ಕಡಿಮೆ ಮಾಡಿದರೆ, ಇಲ್ಲಿಯ ಪಿಂಚಣಿ ಬೆಳೆದೀತು. ಒಳ್ಳೆಯ ಆಡಳಿತದಿಂದ ಬೆಳೆದ ಲಾಭ ಬೇರೆ, ದುಡಿಯುವವರ ಕೈ ಕತ್ತರಿಸಿ ಬಂದ ಲಾಭ ಬೇರೆ. ಜಮಾಖರ್ಚಿನ ಪುಟದಲ್ಲಿ ಮಾತ್ರ ಎರಡೂ ಒಂದೇ ಸಾಲಿನಲ್ಲಿ ಕಾಣುತ್ತವೆ.

ನಮ್ಮ ವಾಚಕರ ಕಂಪನಿ ಹೀಗೆ ಕೈಬದಲಾದರೆ ಗಾಬರಿ ಬೇಡ, ಉದಾಸೀನವೂ ಬೇಡ. ಷೇರು ಮಾತ್ರ ಕೈಬದಲಾದಾಗ ಕಂಪನಿ ಅದೇ, ನಿಮ್ಮ ಸೇವಾವಧಿಯೂ ಅದೇ. ಹೊಸ ಸಹಿ ಕೇಳಿದರೆ ಕಾಗದವನ್ನು ಓದಿ ಸಹಿ ಮಾಡಿ. ಪ್ರಾವಿಡೆಂಟ್ ಫಂಡಿನ ಹಣ ತಿಂಗಳು ತಿಂಗಳೂ ಜಮೆಯಾಗುತ್ತಿದೆಯೇ ಎಂದು ನೋಡಿಕೊಳ್ಳಿ. ಹೊಸ ಧಣಿ ತನ್ನ ಹಣ ಎಷ್ಟು ತಂದ, ಕಂಪನಿಯ ತಲೆಗೆ ಎಷ್ಟು ಸಾಲ ಕಟ್ಟಿದ ಎಂಬುದು ವಾರ್ಷಿಕ ವರದಿಯಲ್ಲಿ ಸಿಕ್ಕೀತು. ಅದನ್ನು ಓದಲು ಕಲಿತ ಗುಮಾಸ್ತೆಯೊಬ್ಬ ಪ್ರತಿ ಕಚೇರಿಯಲ್ಲೂ ಇದ್ದರೆ, ಜೊತೆಯವರಿಗೆಲ್ಲ ಅದೊಂದು ದೊಡ್ಡ ಆಸರೆ.