ತೂಬು ಎಷ್ಟು ಹೊತ್ತಿಗೊಮ್ಮೆ ತೆರೆಯಬೇಕು

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ಹೆಸರಿನಲ್ಲೇ ಒಂದು ಕೆರೆ ಇದೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಈ ತಾಲ್ಲೂಕನ್ನು ಹಾದು ಮಧುಗಿರಿಯ ಕಡೆಗೆ, ಅಲ್ಲಿಂದ ಮುಂದೆ ಉತ್ತರ ಪಿನಾಕಿನಿಗೆ ಹೋಗುತ್ತದೆ. ಆದರೆ ಅದು ವರ್ಷಪೂರ್ತಿ ಹರಿಯುವ ಹೊಳೆಯಲ್ಲ. ಹಾಗಾಗಿ ಈ ಸೀಮೆಯ ಬೇಸಾಯ, ಕೊಳವೆಬಾವಿಗಳು ಬರುವ ತನಕ, ಹೊಳೆಗಿಂತ ಹೆಚ್ಚಾಗಿ ಕೆರೆಯನ್ನೇ ನಂಬಿಕೊಂಡಿತ್ತು. ಕೆರೆ ಇದ್ದ ಕಡೆ ನೀರುಗಂಟಿ ಇದ್ದ. ತೂಬಿನ ಬಿರಡೆ ಎತ್ತುವುದು, ಇಳಿಸುವುದು, ಕಾಲುವೆಯಲ್ಲಿ ಬಂದ ನೀರನ್ನು ಸರದಿಯ ಪ್ರಕಾರ ಗದ್ದೆಗೆ ತಿರುಗಿಸುವುದು ಅವನ ಕೆಲಸ. ಅದಕ್ಕೆ ಸುಗ್ಗಿಯಲ್ಲಿ ಅವನಿಗೆ ಆಯ ಸಲ್ಲುತ್ತಿತ್ತು. ಅವನು ತೀರ್ಮಾನಿಸಬೇಕಾದ ಸಂಗತಿ ಎರಡು: ಯಾರಿಗೆ ಎಷ್ಟು ನೀರು, ಮತ್ತು ಎಷ್ಟು ಹೊತ್ತಿಗೊಮ್ಮೆ. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದರ ಬಿಸಿ ತಟ್ಟುವುದು ಅಚ್ಚುಕಟ್ಟಿನ ಕೊನೆಯ ಗದ್ದೆಯವರಿಗೆ. ವಾರಕ್ಕೆ ಸಲ್ಲಬೇಕಾದ ನೀರೆಲ್ಲ ಒಂದೇ ರಾತ್ರಿ ಹರಿದು ಬಂದರೆ ಲೆಕ್ಕ ಸರಿಯಾಗಿಯೇ ಇರುತ್ತದೆ, ಸಸಿ ಮಾತ್ರ ಒಣಗಿರುತ್ತದೆ.

ಕಂಪ್ಯೂಟರ್ ಜಾಲಗಳಲ್ಲೂ ಇದೇ ಎರಡು ಪ್ರಶ್ನೆಗಳಿವೆ, ಅಲ್ಲಿಯೂ ಎರಡನೆಯದನ್ನು ಮರೆಯುತ್ತೇವೆ. ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಟ್ಟ ತಂತ್ರಜ್ಞಾನ ಫ್ರೇಮ್ ರಿಲೇ. 1990ರ ದಶಕದಲ್ಲಿ ಅದು ಹಳೆಯ ಎಕ್ಸ್.25 ಜಾಲಗಳ ಜಾಗಕ್ಕೆ ಬಂತು. ಎರಡು ಊರುಗಳ ನಡುವೆ ಒಂದು ಇಡೀ ಲೀಸ್ಡ್ ಲೈನನ್ನು ಒಬ್ಬರೇ ಬಾಡಿಗೆಗೆ ಹಿಡಿಯುವುದು ದುಬಾರಿ. ಅದರ ಬದಲು ಹಲವು ಸಂಸ್ಥೆಗಳು ಒಂದೇ ಜಾಲವನ್ನು ಹಂಚಿಕೊಳ್ಳುತ್ತಿದ್ದವು. ಪ್ರತಿಯೊಬ್ಬ ಗ್ರಾಹಕನಿಗೂ ಜಾಲದ ಒಡೆಯರು ಇಷ್ಟು ವೇಗವಂತೂ ಖಂಡಿತ ಎಂದು ಮಾತು ಕೊಡುತ್ತಿದ್ದರು. ಆ ಖಾತರಿ ವೇಗಕ್ಕೆ ಸಿಐಆರ್ ಎಂದು ಹೆಸರು. ಅದನ್ನು ಮೀರಿ ಕಳುಹಿಸಿದ ಫ್ರೇಮುಗಳ ಮೇಲೆ, ಇಕ್ಕಟ್ಟಾದರೆ ಮೊದಲು ಬಿಸಾಡಬಹುದು ಎಂಬ ಗುರುತು ಬೀಳುತ್ತಿತ್ತು. ಆದ್ದರಿಂದ ಕಳುಹಿಸುವವರೇ ತಮ್ಮ ರೂಟರಿನಲ್ಲಿ ಹರಿವನ್ನು ಹದಕ್ಕೆ ತಂದುಕೊಳ್ಳಬೇಕಿತ್ತು. ಇದಕ್ಕೇ ಟ್ರಾಫಿಕ್ ಶೇಪಿಂಗ್ ಎನ್ನುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. ತುಮಕೂರಿನ ಜಿಲ್ಲಾ ಕಚೇರಿಯೊಂದಕ್ಕೆ ಸೆಕೆಂಡಿಗೆ 2,048 ಕಿಲೋಬಿಟ್ ಲೈನು, ಕೊರಟಗೆರೆಯ ತಾಲ್ಲೂಕು ಕಚೇರಿಗೆ ಬರೀ 64 ಕಿಲೋಬಿಟ್ ಲೈನು ಎಂದಿಟ್ಟುಕೊಳ್ಳಿ. ತುಮಕೂರಿನ ರೂಟರ್ ತನ್ನ ಪೂರ್ತಿ ವೇಗದಲ್ಲಿ ಸುರಿದರೆ ಕೊರಟಗೆರೆಯ ಬಾಯಲ್ಲಿ ದತ್ತಾಂಶ ರಾಶಿ ಬಿದ್ದು, ಹಿಡಿಸದೆ ಉಳಿದದ್ದು ನಷ್ಟವಾಗುತ್ತದೆ. ಹಾಗೆಂದು ಆ ರೂಟರಿಗೆ ನಿಧಾನವಾಗಿ ಕಳುಹಿಸಲು ಬರುವುದಿಲ್ಲ. ಲೈನು ಓಡುವುದು ಒಂದೇ ವೇಗದಲ್ಲಿ; ಸ್ವಲ್ಪ ಹೊತ್ತು ಕಳುಹಿಸಿ, ಆಮೇಲೆ ಸುಮ್ಮನಿದ್ದು ಸರಾಸರಿಯನ್ನು 64ಕ್ಕೆ ಇಳಿಸುವುದೊಂದೇ ದಾರಿ. ತೂಬಿನ ಕಂಡಿಯನ್ನು ಕಿರಿದು ಮಾಡಲಾಗದಿದ್ದರೆ ಬಿರಡೆಯನ್ನು ಎತ್ತಿ ಎತ್ತಿ ಇಳಿಸಬೇಕು. ಒಮ್ಮೆ ಎತ್ತಿದಾಗಿನಿಂದ ಮತ್ತೊಮ್ಮೆ ಎತ್ತುವವರೆಗಿನ ಕಾಲವೇ ಶೇಪಿಂಗಿನ ಅವಧಿ. ಈ ಅವಧಿಯನ್ನು ಸೆಕೆಂಡಿನ ಎಂಟನೇ ಒಂದು ಭಾಗ, ಅಂದರೆ 125 ಮಿಲಿಸೆಕೆಂಡ್ ಎಂದು ಇಟ್ಟರೆ, ಪ್ರತಿ ಅವಧಿಗೆ 8,000 ಬಿಟ್ ಸಲ್ಲುತ್ತದೆ. ತುಮಕೂರಿನ ಲೈನಿನಲ್ಲಿ ಅಷ್ಟು ಬಿಟ್ ಹೊರಡಲು ನಾಲ್ಕು ಮಿಲಿಸೆಕೆಂಡ್ ಸಾಕು. ಉಳಿದ 121 ಮಿಲಿಸೆಕೆಂಡ್ ಬಿರಡೆ ಮುಚ್ಚಿರುತ್ತದೆ. ಕಡತವೊಂದನ್ನು ಕಳುಹಿಸುವಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. ಅದೇ ಲೈನಿನಲ್ಲಿ ಒಂದು ಫೋನ್ ಮಾತು ಸಾಗುತ್ತಿದ್ದರೆ ಕಥೆ ಬೇರೆ. ಮಾತನ್ನು ಜಾಲದಲ್ಲಿ ಸಾಗಿಸುವಾಗ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಮಾಡುತ್ತಾರೆ. ಬಿರಡೆ ಮುಚ್ಚಿದ ಆ ಹೊತ್ತಿನಲ್ಲಿ ಇಂಥ ಆರು ಪ್ಯಾಕೆಟ್ಟುಗಳು ಬಾಗಿಲಲ್ಲಿ ಕಾಯುತ್ತವೆ. ಮಾತು ಸಹಜವಾಗಿರಬೇಕಾದರೆ ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ಮೀರಬಾರದು ಎನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಅದರ ಮುಕ್ಕಾಲಿಗೂ ಹೆಚ್ಚು ಪಾಲು, ದಾರಿ ಹಿಡಿಯುವ ಮೊದಲೇ, ತುಮಕೂರಿನ ಹೊಸ್ತಿಲಲ್ಲೇ ಖರ್ಚಾಗಿಹೋಗುತ್ತದೆ.

ಈಗ ಅವಧಿಯನ್ನು 10 ಮಿಲಿಸೆಕೆಂಡಿಗೆ ಇಳಿಸಿ. ಪಾಲು 640 ಬಿಟ್ ಆಗುತ್ತದೆ, ಅಂದರೆ 80 ಬೈಟ್. ಸೆಕೆಂಡಿಗೆ ಹೋಗುವ ಮೊತ್ತ ಮೊದಲಿನಂತೆಯೇ 64 ಕಿಲೋಬಿಟ್. ಒಂದು ಬಿಟ್ ಹೆಚ್ಚಿಲ್ಲ, ಒಂದು ಬಿಟ್ ಕಡಿಮೆಯಿಲ್ಲ. ಆದರೆ ಮಾತಿನ ಪ್ಯಾಕೆಟ್ ಬಿರಡೆಯ ಬಳಿ ಕಾಯಬೇಕಾದ ಕಾಲ 10 ಮಿಲಿಸೆಕೆಂಡಿಗಿಂತ ಕಡಿಮೆ. ಲೈನಿಗೆ ಒಂದು ರೂಪಾಯಿ ಹೆಚ್ಚು ಬಾಡಿಗೆ ಕೊಡದೆ, ಕೇಳಿಸದ ಮಾತು ಕೇಳಿಸುವಂತಾಯಿತು. ನನ್ನ ವಾದ ಇಷ್ಟೇ: ಕಿರಿದಾದ ಸಂಪರ್ಕದ ಗುಣ ಅದರ ಅಗಲದಿಂದ ಎಷ್ಟು ತೀರ್ಮಾನವಾಗುತ್ತದೆಯೋ ಸರದಿಯ ಅವಧಿಯಿಂದಲೂ ಅಷ್ಟೇ ತೀರ್ಮಾನವಾಗುತ್ತದೆ. ಯಾರು ಕಾಯಬೇಕು ಎಂಬುದನ್ನು ಹೇಳುವ ಸಂಖ್ಯೆ ಅದು. ಆದರೂ ಅದನ್ನು ಯಾರೂ ಕುಳಿತು ಯೋಚಿಸಿ ಬರೆಯುತ್ತಿರಲಿಲ್ಲ, ಯಾಕೆಂದರೆ ಬರೆಯಲು ಅದಕ್ಕೊಂದು ಜಾಗವೇ ಇರಲಿಲ್ಲ. ಸಿಸ್ಕೊ ರೂಟರುಗಳ ಫ್ರೇಮ್ ರಿಲೇ ಶೇಪಿಂಗಿನಲ್ಲಿ ತಂತ್ರಜ್ಞರು ನಮೂದಿಸುತ್ತಿದ್ದುದು ಖಾತರಿ ವೇಗ ಮತ್ತು ಒಂದು ಸರದಿಯ ಪಾಲು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದಾಗ ಅವಧಿ ತಾನಾಗಿ ಹುಟ್ಟುತ್ತಿತ್ತು. ಏನೂ ನಮೂದಿಸದೆ ಬಿಟ್ಟರೆ ವೇಗ 56,000 ಬಿಟ್, ಪಾಲು 7,000 ಬಿಟ್ ಎಂದು ಯಂತ್ರವೇ ಹಿಡಿಯುತ್ತಿತ್ತು. ಭಾಗಿಸಿ ನೋಡಿ, ಅದೇ 125 ಮಿಲಿಸೆಕೆಂಡ್.

ಅವಧಿ ಕಡಿಮೆಯಾದಷ್ಟೂ ಒಳ್ಳೆಯದಾದರೆ ಎಲ್ಲ ಕಡೆಯೂ ಹಾಗೇ ಮಾಡಬಹುದಲ್ಲ ಎಂದು ಕೇಳಬಹುದು. ಆಗುವುದಿಲ್ಲ, ಇದಕ್ಕೂ ಬೆಲೆಯಿದೆ. ಸಾಮಾನ್ಯ ದತ್ತಾಂಶದ ಪ್ಯಾಕೆಟ್ 1,500 ಬೈಟ್‌ವರೆಗೆ ಇರಬಹುದು. ಅದು 64 ಕಿಲೋಬಿಟ್ ಲೈನಿನಲ್ಲಿ ಹಾಯಲು 187.5 ಮಿಲಿಸೆಕೆಂಡ್ ಬೇಕು. ಅದರ ಹಿಂದೆ ಸಿಕ್ಕಿಬಿದ್ದ ಮಾತು, ಅವಧಿ ಎಷ್ಟೇ ಚಿಕ್ಕದಾಗಿರಲಿ, ಅಷ್ಟು ಹೊತ್ತು ಕಾಯಲೇಬೇಕು. ಹಾಗಾಗಿ ದೊಡ್ಡ ಪ್ಯಾಕೆಟ್ಟನ್ನು 80 ಬೈಟಿನ ಸುಮಾರು 19 ಚೂರುಗಳಾಗಿ ಕತ್ತರಿಸಿ, ನಡುನಡುವೆ ಮಾತಿಗೆ ದಾರಿ ಬಿಡಬೇಕಾಗುತ್ತದೆ. ಪ್ರತಿ ಚೂರಿಗೂ ತನ್ನದೇ ತಲೆಬರಹ ಬೇಕು, ಕತ್ತರಿಸುವ ಮತ್ತು ಜೋಡಿಸುವ ದುಡಿಮೆ ಬೇರೆ. ಸರದಿ ಪದೇ ಪದೇ ಬದಲಾದರೆ ಕಾಲುವೆಯ ಮಣ್ಣೇ ನೀರು ಕುಡಿಯುತ್ತದೆ ಎಂಬುದು ರೈತರಿಗೆ ಗೊತ್ತಿರುವ ವಿಷಯ. ಸಸಿಮಡಿಗೆ ದಿನದಿನವೂ ಸ್ವಲ್ಪ ನೀರು ಬೇಕು; ಬೇರೂರಿದ ಅಡಿಕೆ ತೋಟ ಒಂದಿಷ್ಟು ದಿನ ತಡೆಯುತ್ತದೆ. ಬರೀ ಕಡತಗಳು ಹೋಗುವ ಸಂಪರ್ಕಕ್ಕೆ 125 ಮಿಲಿಸೆಕೆಂಡ್ ತಪ್ಪಲ್ಲ, ಬಹುಶಃ ಅದೇ ಸರಿ. ಏನು ಹರಿಯುತ್ತಿದೆ ಎಂದು ನೋಡದೆ ಒಂದೇ ಅಳತೆಯನ್ನು ಎಲ್ಲದಕ್ಕೂ ಹಾಕುವುದು ತಪ್ಪು.

ಜಾಲ ಖಾಲಿ ಇದ್ದಾಗ ಕೈ ಕಟ್ಟಿ ಕೂರುವುದೇಕೆ, ಇದ್ದಷ್ಟೂ ಹರಿಸಬಾರದೇ ಎಂಬ ಇನ್ನೊಂದು ಆಕ್ಷೇಪವಿದೆ. ಫ್ರೇಮ್ ರಿಲೇಯಲ್ಲಿ ಅದಕ್ಕೂ ಅವಕಾಶವಿತ್ತು: ಹಿಂದಿನ ಸರದಿಗಳಲ್ಲಿ ಉಳಿದದ್ದನ್ನು ಸ್ವಲ್ಪಮಟ್ಟಿಗೆ ಹೆಚ್ಚುವರಿ ಪಾಲಾಗಿ ಕಳುಹಿಸಬಹುದಿತ್ತು. ಕಡತಗಳಿಗೆ ಇದು ಲಾಭವೇ. ಇಕ್ಕಟ್ಟಿನಲ್ಲಿ ಹೆಚ್ಚುವರಿ ಪಾಲು ಬಿಸಾಡಿಹೋದರೂ, ಕಳೆದುಹೋದ ಚೂರನ್ನು ಮತ್ತೆ ಕಳುಹಿಸಿದರಾಯಿತು. ಆದರೆ ಆಡಿದ ಮಾತಿನ ಕಳೆದ ಉಚ್ಚಾರವನ್ನು ಅರ್ಧ ಸೆಕೆಂಡಿನ ಮೇಲೆ ಮತ್ತೆ ಕಳುಹಿಸಿ ಪ್ರಯೋಜನವಿಲ್ಲ. ಕೋಡಿ ಬಿದ್ದ ನೀರು ಆ ಅಚ್ಚುಕಟ್ಟಿಗೆ ವಾಪಸು ಬರುವುದಿಲ್ಲ. ಮಾತು ಸಾಗುವ ಸಂಪರ್ಕಗಳಲ್ಲಿ ಹೆಚ್ಚುವರಿ ಪಾಲನ್ನು ಸೊನ್ನೆಗೆ ಇಡಬೇಕೆಂದು ತಂತ್ರಜ್ಞರು ಹೇಳುತ್ತಿದ್ದುದು ಇದಕ್ಕೇ. ಜಾಲದ ಒಳಗೆ ಇಕ್ಕಟ್ಟು ಶುರುವಾದರೆ ಹಿಂದಕ್ಕೊಂದು ಎಚ್ಚರಿಕೆಯ ಗುರುತು ಬರುತ್ತಿತ್ತು. ಅದನ್ನು ಕಂಡ ರೂಟರ್ ಪ್ರತಿ ಅವಧಿಗೊಮ್ಮೆ ತನ್ನ ವೇಗವನ್ನು ಕಾಲು ಭಾಗದಷ್ಟು ತಗ್ಗಿಸಬಲ್ಲದಾಗಿತ್ತು. ಇಲ್ಲಿಯೂ ಅವಧಿಯದೇ ಮಾತು. ಅದು ಉದ್ದವಾದಷ್ಟೂ ಎಚ್ಚರಿಕೆಗೆ ಓಗೊಡುವುದು ತಡ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪವೆಂದರೆ, ಇದೆಲ್ಲ ಮುಗಿದ ಕಥೆ ಎಂಬುದು. ಫ್ರೇಮ್ ರಿಲೇ ಹೋಯಿತು ಎಂಬುದು ನಿಜ. 2005ರಲ್ಲಿ ಮಂಜೂರಾದ ರಾಜ್ಯವ್ಯಾಪಿ ಜಾಲದ ಯೋಜನೆ ಬ್ಲಾಕ್ ಮಟ್ಟದವರೆಗೆ ಕನಿಷ್ಠ 2 ಮೆಗಾಬಿಟ್ ಕೊಡಬೇಕೆಂದು ಗೊತ್ತುಮಾಡಿತು. ಕರ್ನಾಟಕದಲ್ಲಿ ಅದು ಕೆಸ್ವಾನ್ ಆಯಿತು. 2011ರಲ್ಲಿ ಒಪ್ಪಿಗೆ ಪಡೆದು, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಗ್ರಾಮ ಪಂಚಾಯಿತಿಗಳಿಗೆ 100 ಮೆಗಾಬಿಟ್‌ನ ಗುರಿ ಇಟ್ಟುಕೊಂಡಿತು. ಆದರೆ ಲೈನು ಅಗಲವಾದ ಮಾತ್ರಕ್ಕೆ ಬಿರಡೆ ಇಲ್ಲವಾಗುವುದಿಲ್ಲ. ಸೆಕೆಂಡಿಗೆ 1 ಗಿಗಾಬಿಟ್ ಓಡುವ ಫೈಬರಿನಲ್ಲಿ ನಿಮಗೆ ಸಲ್ಲಬೇಕಾದ್ದು 10 ಮೆಗಾಬಿಟ್ ಮಾತ್ರವಾದರೆ, ಅವಧಿ 100 ಮಿಲಿಸೆಕೆಂಡ್ ಇದ್ದಲ್ಲಿ ನಿಮ್ಮ ಪಾಲು ಒಂದೇ ಮಿಲಿಸೆಕೆಂಡಿನಲ್ಲಿ ಹರಿದು, ಉಳಿದ 99 ಮಿಲಿಸೆಕೆಂಡ್ ಬಾಗಿಲು ಮುಚ್ಚಿರುತ್ತದೆ. ತುಮಕೂರು-ಕೊರಟಗೆರೆಯ ಲೆಕ್ಕದಿಂದ ಇದು ಬೇರೆಯಲ್ಲ. ಲೈನಿನ ವೇಗಕ್ಕೂ ಒಪ್ಪಂದದ ವೇಗಕ್ಕೂ ನಡುವಿನ ಅಂತರ ಆಗಲೂ ದೊಡ್ಡದಿತ್ತು, ಈಗ ಇನ್ನೂ ದೊಡ್ಡದು.

ಈ ನಡುವೆ ತಾಲ್ಲೂಕಿನ ಬದುಕು ಲೈನಿನ ಮೇಲೆ ಹೆಚ್ಚು ಭಾರ ಹಾಕಿದೆ. ಕೈಬರಹದ ಪಹಣಿಯ ಜಾಗಕ್ಕೆ ಭೂಮಿ ಯೋಜನೆ ಬಂದ ಕಾಲದಲ್ಲಿ ದಾಖಲೆಗಳು ಆಯಾ ತಾಲ್ಲೂಕಿನ ಕಂಪ್ಯೂಟರಿನಲ್ಲೇ ಇದ್ದವು. 15 ರೂಪಾಯಿ ಕೊಟ್ಟ ರೈತನ ಕೈಗೆ ಪಹಣಿ ಬರಲು ಬೆಂಗಳೂರಿನ ಅಪ್ಪಣೆ ಬೇಕಿರಲಿಲ್ಲ. ಈಗ ಪಹಣಿಯೂ ಪಡಿತರದ ಬೆರಳಚ್ಚೂ ದೂರದ ಸರ್ವರನ್ನು ಕೇಳಿಯೇ ಮುಂದೆ ಹೋಗಬೇಕು. ಇವೆಲ್ಲ ಪುಟ್ಟ ಪುಟ್ಟ ಪ್ರಶ್ನೋತ್ತರಗಳು. ಹಲವು ಸಲ ಹೋಗಿ ಬರುತ್ತವೆ, ಪ್ರತಿ ಸಲವೂ ಬಿರಡೆಯ ಬಳಿ ನಿಲ್ಲಬೇಕಾಗಬಹುದು. ಪಾವಗಡದಂತೆ ಮೂರು ಕಡೆ ಆಂಧ್ರವನ್ನೇ ಇಟ್ಟುಕೊಂಡ ತಾಲ್ಲೂಕಿನಿಂದ ವೈದ್ಯರೊಬ್ಬರು ಜಿಲ್ಲಾ ಆಸ್ಪತ್ರೆಯ ತಜ್ಞರ ಜೊತೆ ವಿಡಿಯೊದಲ್ಲಿ ಮಾತಾಡುವಾಗ ಹರಿವು ಕಡಿದು ಕಡಿದು ಬಂದರೆ, ನಾವು ಮೊದಲು ಕೇಳುವುದು ಇನ್ನೂ ಹೆಚ್ಚು ಮೆಗಾಬಿಟ್. ಅದು ಬೇಕಾಗಿರಲೂಬಹುದು. ಆದರೆ ಅದಕ್ಕೆ ಮೊದಲು ಇರುವ ಲೈನಿನ ಸರದಿ ಎಷ್ಟು ಹೊತ್ತಿನದು, ಒಂದು ಸರದಿಯ ಪಾಲು ಎಷ್ಟು, ಮಾತಿಗೂ ಕಡತಕ್ಕೂ ಬೇರೆ ಬೇರೆ ದಾರಿ ಇದೆಯೇ ಎಂದು ಕೇಳಬೇಕು. ಸಂಪರ್ಕ ಒದಗಿಸುವವರ ಜೊತೆಗಿನ ಒಪ್ಪಂದದಲ್ಲಿ, ವೇಗದ ಅಂಕಿಯ ಪಕ್ಕದಲ್ಲೇ, ಒಂದು ಪ್ಯಾಕೆಟ್ ಗರಿಷ್ಠ ಎಷ್ಟು ಮಿಲಿಸೆಕೆಂಡ್ ಕಾಯಬಹುದು ಎಂಬ ಅಂಕಿಯನ್ನೂ ಬರೆಸಿಕೊಳ್ಳುವ ಹಕ್ಕು ಪಂಚಾಯಿತಿಗೂ ಆಸ್ಪತ್ರೆಗೂ ಶಾಲೆಗೂ ಇರಬೇಕು.