ಮಾರಾಟ ಸಿಬ್ಬಂದಿಗೆ ಒಗ್ಗುವ ತಂತ್ರಾಂಶ

ಒಂದಕ್ಕಿಂತ ಹೆಚ್ಚು ಮಳಿಗೆಗಳುಳ್ಳ ಚಿಲ್ಲರೆ ವ್ಯಾಪಾರಿಗಳು ದಾಸ್ತಾನು, ಬೆಲೆ ಹಾಗೂ ಗ್ರಾಹಕರ ಬೇಡಿಕೆಗಳ ನಿರ್ವಹಣೆಗಾಗಿ ಬ್ರೌಸರ್‌ನಲ್ಲಿ ತೆರೆಯುವ ಆಂತರಿಕ ತಂತ್ರಾಂಶಗಳನ್ನು ಸಿದ್ಧಪಡಿಸಿಕೊಳ್ಳುವುದುಂಟು. ಆದರೆ ಹಣ ತೆತ್ತು ಮಾಡಿಸಿದ ತಂತ್ರಾಂಶವನ್ನು ಬದಿಗಿಟ್ಟು ಸಿಬ್ಬಂದಿ ಮತ್ತೆ ನೋಟುಪುಸ್ತಕಕ್ಕೆ ಮರಳಿದರೆ, ಅವರ ಉದಾಸೀನವನ್ನು ದೂರುವ ಮುನ್ನ ಅದನ್ನು ಯಾರಿಗಾಗಿ ರೂಪಿಸಲಾಯಿತೆಂದು ಪರಿಶೀಲಿಸಬೇಕು. ಕೇವಲ ಮಾಲೀಕರ ವರದಿಗಳಿಗಾಗಿ ರೂಪಿಸಿದ ತಂತ್ರಾಂಶದಲ್ಲಿ ಮಾಹಿತಿ ತುಂಬುವ ಹೊರೆ ಮಾರಾಟಗಾರರದು. ಅವರಿಗೆ ದೊರೆಯುವ ನೆರವು ಅತ್ಯಲ್ಪ. ಅವರು ಸರಿಯಾಗಿ ತುಂಬದಿದ್ದರೆ ಆ ವರದಿಗಳೂ ನಂಬಲರ್ಹವಾಗಿರುವುದಿಲ್ಲ.

ಗ್ರಾಹಕರ ಪ್ರಶ್ನೆಗೆ ಉತ್ತರ

ಸಿದ್ಧ ಉಡುಪಿನ ಮಳಿಗೆಯೊಂದನ್ನು ಪರಿಗಣಿಸೋಣ. ‘ಇದೇ ಅಂಗಿ 42ರ ಅಳತೆಯಲ್ಲಿ ಇದೆಯೇ?’ ಎಂದು ಗ್ರಾಹಕರು ಕೇಳುತ್ತಾರೆ. ಬಾರ್‌ಕೋಡ್ ಓದಿಸಿದೊಡನೆ ಅಳತೆ, ಬಣ್ಣ, ಬೆಲೆ ಮತ್ತು ಯಾವ ಶಾಖೆಯಲ್ಲಿ ಎಷ್ಟು ನಗಗಳಿವೆ ಎಂಬ ವಿವರ ಒಂದೇ ಪರದೆಯಲ್ಲಿ ಮೂಡಬೇಕು. ಮಾಸಿಕ ಗುರಿ, ಹಾಜರಾತಿ, ವರದಿಗಳಿಗೆ ಬೇರೆ ಪುಟಗಳಿರಲಿ.

ಬಳಕೆ ಸೌಲಭ್ಯದ ತಜ್ಞ ಜೇಕಬ್ ನೀಲ್ಸನ್ 1993ರಲ್ಲಿ ವಿವರಿಸಿದಂತೆ, ಉತ್ತರ 1 ಸೆಕೆಂಡಿನೊಳಗೆ ಬಂದರೆ ಬಳಕೆದಾರರ ಯೋಚನೆಯ ಓಟ ಕಡಿಯುವುದಿಲ್ಲ. 10 ಸೆಕೆಂಡು ಮೀರಿದರೆ ಗಮನ ಬೇರೆಡೆಗೆ ಹರಿಯುತ್ತದೆ. ವೇಗದಷ್ಟೇ ಮುಖ್ಯವಾದುದು ನಿಖರತೆ. ಪರದೆಯಲ್ಲಿ ‘ಇದೆ’ ಎಂದಿರುವ ಸರಕು ಕಪಾಟಿನಲ್ಲಿ ಇಲ್ಲದಿದ್ದರೆ ಸಿಬ್ಬಂದಿಯ ವಿಶ್ವಾಸ ಕುಂದುತ್ತದೆ. ಆದ್ದರಿಂದ ಬಿಲ್ಲು ಮಾಡಿದ ಕ್ಷಣವೇ ದಾಸ್ತಾನು ಕಡಿಮೆಯಾಗುವ ವ್ಯವಸ್ಥೆ ಅಗತ್ಯ.

ಯಂತ್ರದ ಕೆಲಸ ಯಂತ್ರಕ್ಕೆ

ದಿನಾಂಕ, ಶಾಖೆ, ಮಾರಾಟಗಾರರ ಹೆಸರು ಇತ್ಯಾದಿ ತಂತ್ರಾಂಶಕ್ಕೆ ಮೊದಲೇ ತಿಳಿದಿರುತ್ತವೆ. ಅವುಗಳನ್ನು ಮತ್ತೆ ಕೇಳಬಾರದು. ತೆರಿಗೆಯ ಲೆಕ್ಕವೂ ಹಾಗೆಯೇ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಂತೆ, ಮಾರಾಟ ಮೌಲ್ಯ ನಗವೊಂದಕ್ಕೆ 2,500 ರೂ. ಮೀರದ ಸಿದ್ಧ ಉಡುಪಿಗೆ ಶೇ. 5, ಮೀರಿದರೆ ಶೇ. 18 ತೆರಿಗೆ. ತೆರಿಗೆರಹಿತವಾಗಿ 2,700 ರೂ. ಇದ್ದ ಉಡುಪಿಗೆ ಬಿಲ್ಲಿನಲ್ಲೇ ಶೇ. 10 ರಿಯಾಯಿತಿ ಕೊಟ್ಟರೆ ಮೌಲ್ಯ 2,430 ರೂ.ಗೆ ಇಳಿದು ತೆರಿಗೆ ದರವೇ ಬದಲಾಗುತ್ತದೆ. ಈ ನಿರ್ಧಾರವನ್ನು ಮಾರಾಟಗಾರರ ನೆನಪಿಗೆ ಬಿಡುವುದು ಸಲ್ಲದು. ದರಗಳನ್ನು ಜಾರಿಯ ದಿನಾಂಕದೊಡನೆ ಒಂದೇ ಪಟ್ಟಿಯಲ್ಲಿರಿಸಿದರೆ ಹಳೆಯ ಬಿಲ್ಲುಗಳೂ ಕೆಡುವುದಿಲ್ಲ.

ತಪ್ಪಾದಾಗ ಬರುವ ಸೂಚನೆ ಸಿಬ್ಬಂದಿಯ ಭಾಷೆಯಲ್ಲಿರಲಿ. ‘ಅಮಾನ್ಯ ನಮೂದು’ ಎನ್ನುವುದಕ್ಕಿಂತ ‘ಮೊಬೈಲ್ ಸಂಖ್ಯೆಯಲ್ಲಿ 9 ಅಂಕಿಗಳಿವೆ, 10 ಇರಬೇಕು’ ಎಂಬುದು ಉಪಯುಕ್ತ. ಅಂತರ್ಜಾಲ ಸಂಪರ್ಕ ಕಡಿದರೂ ತುಂಬಿದ ವಿವರ ಅಳಿಸಿಹೋಗಬಾರದು.

ಅಂತಿಮ ಕಂತಿಗೆ ಮುನ್ನ ಪರೀಕ್ಷೆ

ಬಳಕೆಯ ತೊಡಕುಗಳಲ್ಲಿ ಬಹುಪಾಲನ್ನು ಕಂಡುಹಿಡಿಯಲು ಐವರು ಬಳಕೆದಾರರು ಸಾಕೆಂದು ನೀಲ್ಸನ್ 2000ದಲ್ಲಿ ಪ್ರತಿಪಾದಿಸಿದರು. ಸಣ್ಣ ಸಂಸ್ಥೆಗಳಿಗೂ ಇದು ಕೈಗೆಟುಕುವ ಕ್ರಮ. ಹೊಸಬರೂ ಹಳಬರೂ ಸೇರಿದಂತೆ ಐವರಿಗೆ ಮೂರು ಕೆಲಸ ಕೊಡಬೇಕು: ಬೇರೆ ಶಾಖೆಯ ಸರಕನ್ನು ಹುಡುಕುವುದು, ಗ್ರಾಹಕರಿಗಾಗಿ ಅದನ್ನು ಕಾಯ್ದಿರಿಸುವುದು, ಹಿಂದಿರುಗಿಸಿದ ಉಡುಪನ್ನು ನಮೂದಿಸುವುದು. ಯಾರೂ ಹೇಳಿಕೊಡದೆ, ಅವರು ಎಲ್ಲಿ ತಡವರಿಸುತ್ತಾರೆಂದು ಗುರುತಿಸಿಕೊಳ್ಳಬೇಕು. ಹಲವರು ಒಂದೇ ಕಡೆ ತಡವರಿಸಿದರೆ ತಿದ್ದಬೇಕಾದುದು ಪರದೆಯನ್ನು.

ಈ ಪರೀಕ್ಷೆ ಹಾಗೂ ಒಂದು ಶಾಖೆಯಲ್ಲಿನ ಪ್ರಾಯೋಗಿಕ ಬಳಕೆ ಮುಗಿದು, ದೋಷಗಳನ್ನು ಸರಿಪಡಿಸಿದ ನಂತರವೇ ಅಂತಿಮ ಕಂತು ಪಾವತಿ ಎಂಬ ಷರತ್ತನ್ನು ತಯಾರಕರೊಡನೆ ಮಾಡಿಕೊಳ್ಳುವ ಕರಾರಿನಲ್ಲಿಯೇ ಸೇರಿಸುವುದು ಕ್ಷೇಮಕರ.