ಥೈರಾಯ್ಡ್ ಮಾತ್ರೆಯೂ ಸಹರಿಯ ಚಹಾವೂ

ನಮ್ಮ ಕಾಟನ್‌ಪೇಟೆಯ ಎಷ್ಟೋ ಮನೆಗಳಲ್ಲಿ ಥೈರಾಯ್ಡ್ ಮಾತ್ರೆಯ ಡಬ್ಬಿ ಇರುತ್ತದೆ. ಹೆಚ್ಚಾಗಿ ಅದು ಅಮ್ಮಿಯದು, ಖಾಲಾದು ಅಥವಾ ಆಪಾದು. ದಿನವೂ ನುಂಗುವ ಈ ಮಾತ್ರೆ ಏನು ಮಾಡುತ್ತದೆ, ಅದಕ್ಕೆ ಹೊತ್ತು ಯಾಕೆ ಮುಖ್ಯ ಎಂದು ತಿಳಿದವರು ಕಡಿಮೆ.

ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಥೈರಾಯ್ಡ್ ಗ್ರಂಥಿ ಇದೆ. ಅದು ತಯಾರಿಸುವ ಥೈರಾಕ್ಸಿನ್ ಹಾರ್ಮೋನ್ ಕಡಿಮೆಯಾದರೆ ಸುಸ್ತು, ಚಳಿ, ಮಲಬದ್ಧತೆ, ಮುಟ್ಟಿನ ಏರುಪೇರು ಕಾಣಿಸುತ್ತವೆ, ತೂಕವೂ ಹೆಚ್ಚಬಹುದು. 1914ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಈ ಹಾರ್ಮೋನನ್ನು ಗ್ರಂಥಿಯಿಂದ ಬೇರ್ಪಡಿಸಿದರು. ಹಿಂದೆ ಪ್ರಾಣಿಗಳ ಗ್ರಂಥಿಯನ್ನು ಒಣಗಿಸಿ ಕೊಡುತ್ತಿದ್ದರು. ಈಗ ಸಾಮಾನ್ಯವಾಗಿ ಕೊಡುವ ಲೀವೊಥೈರಾಕ್ಸಿನ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ.

ಇದರ ಅಳತೆ ಮೈಕ್ರೋಗ್ರಾಂನಲ್ಲಿ. 1 ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ. ಗ್ರಂಥಿ ಪೂರ್ತಿ ಕೆಲಸ ನಿಲ್ಲಿಸಿದ ದೊಡ್ಡವರಿಗೆ ಕಿಲೋ ತೂಕಕ್ಕೆ ಸುಮಾರು 1.6 ಮೈಕ್ರೋಗ್ರಾಂ ಬೇಕಾಗುತ್ತದೆ. 60 ಕಿಲೋ ಇದ್ದರೆ 96, ಅಂದರೆ 100ರ ಮಾತ್ರೆಯ ಹತ್ತಿರ. ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ 25 ಅಥವಾ ಅದಕ್ಕೂ ಕಡಿಮೆಯಿಂದ ಶುರು ಮಾಡುತ್ತಾರೆ. ಈ ಲೆಕ್ಕ ನಾವು ಮಾಡುವಂಥದ್ದಲ್ಲ, ವೈದ್ಯರೇ ಮಾಡಬೇಕು.

ಡೋಸ್ ಸರಿಯಿದೆಯೇ ಎಂದು ಟಿಎಸ್‌ಎಚ್ ರಕ್ತಪರೀಕ್ಷೆ ಹೇಳುತ್ತದೆ. ಅಂಗಡಿಯಲ್ಲಿ ಸರಕು ಕಡಿಮೆಯಾದಾಗ ಆರ್ಡರ್ ಹೆಚ್ಚುವ ಹಾಗೆ, ಹಾರ್ಮೋನ್ ಕಡಿಮೆಯಾದಾಗ ಟಿಎಸ್‌ಎಚ್ ಹೆಚ್ಚುತ್ತದೆ. ಡೋಸ್ ಬದಲಿಸಿದರೆ 6ರಿಂದ 8 ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸುತ್ತಾರೆ.

ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ನುಂಗಬೇಕು. ಅರ್ಧದಿಂದ ಒಂದು ಗಂಟೆ ಚಹಾ, ಕಾಫಿ, ತಿಂಡಿ ಬೇಡ. ಕಬ್ಬಿಣದ ಅಥವಾ ಕ್ಯಾಲ್ಸಿಯಂ ಮಾತ್ರೆ ಇದ್ದರೆ 4 ಗಂಟೆ ಅಂತರ ಬೇಕು. ಇಲ್ಲದಿದ್ದರೆ ಔಷಧ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ.

ಕಷ್ಟ ಬರುವುದು ರಂಜಾನ್‌ನಲ್ಲಿ. ಹೋದ ವರ್ಷ ನಮ್ಮ ಅಮ್ಮಿ ಸಹರಿಯ ಚಹಾದ ಜೊತೆಗೇ ಮಾತ್ರೆ ನುಂಗುತ್ತಿದ್ದರು. ಈದ್ ಆದ ಮೇಲೆ ಟಿಎಸ್‌ಎಚ್ ಏರಿತ್ತು. ಡೋಸ್ ಹೆಚ್ಚಿಸುವ ಮೊದಲು ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: ‘ಯಾವ ಹೊತ್ತಿಗೆ ತಗೋತೀರಿ?’ ಹೊತ್ತು ಬದಲಾಯಿತು, ಡೋಸ್ ಹಾಗೆಯೇ ಉಳಿಯಿತು. ಈ ವರ್ಷ ಅವರು ಎದ್ದ ತಕ್ಷಣ ಮಾತ್ರೆ ನುಂಗಿ ಆಮೇಲೆ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದರು. ಅಡುಗೆ ಮುಗಿಯುವಷ್ಟರಲ್ಲಿ ಒಂದು ಗಂಟೆ ಆಗುತ್ತಿತ್ತು. ಅಷ್ಟು ಬೇಗ ಏಳಲಾಗದವರು ರಾತ್ರಿ ಊಟವಾಗಿ 3 ಗಂಟೆ ಕಳೆದ ಮೇಲೆ, ಮಲಗುವಾಗ ತೆಗೆದುಕೊಳ್ಳಬಹುದು. ಯಾವುದು ಸರಿ ಎಂದು ರಂಜಾನ್‌ಗೆ ಮೊದಲೇ ವೈದ್ಯರನ್ನು ಕೇಳಿಕೊಳ್ಳಿ.

ಈ ಔಷಧದ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಒಂದು ವಾರ ಬೇಕು. ಆದ್ದರಿಂದ ಬಿಟ್ಟ ಮೊದಲ ದಿನಗಳಲ್ಲಿ ಏನೂ ಗೊತ್ತಾಗುವುದಿಲ್ಲ. ‘ಈಗ ಚೆನ್ನಾಗಿದ್ದೇನೆ’ ಎಂದು ನಿಲ್ಲಿಸುವವರು ಮೋಸಹೋಗುವುದು ಇಲ್ಲೇ. ತೂಕ ಇಳಿಸಲು ಇನ್ನೊಬ್ಬರ ಡಬ್ಬಿಯಿಂದ ತೆಗೆದು ನುಂಗುವುದೂ ಅಪಾಯ. ಹೆಚ್ಚಾದರೆ ಎದೆಬಡಿತ ಏರುತ್ತದೆ, ಮೂಳೆ ಸವೆಯುತ್ತದೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಡೋಸ್ ಹೆಚ್ಚು ಬೇಕಾಗುತ್ತದೆ, ಗೊತ್ತಾದ ತಕ್ಷಣ ವೈದ್ಯರಿಗೆ ಹೇಳಬೇಕು.

ಇವತ್ತು ಮನೆಗೆ ಹೋದಾಗ ಡಬ್ಬಿಯ ಮೇಲಿನ ಅಂಕಿಯನ್ನು ಚೀಟಿಯ ಜೊತೆ ಹೋಲಿಸಿ ನೋಡಿ. 25ಕ್ಕೂ 125ಕ್ಕೂ ಒಂದೇ ಅಂಕಿಯ ವ್ಯತ್ಯಾಸ, ಆದರೆ ಡೋಸ್ ಐದು ಪಟ್ಟು.